ಪ್ರವಚನ ಪೀಠದಿಂದ ಗ್ರಂಥಾಲಯಕ್ಕೆ: ಮೋಸೆಸ್ ಕಾಯ್ಟ್ ಟೈಲರ್ ಅವರ ಬದುಕು

ದೇವರ ಸೇವೆಗೆಂದು ಹೊರಟವರೆಲ್ಲರೂ ಮೊದಲ ಹೆಜ್ಜೆಯಲ್ಲೇ ತಮ್ಮ ಜಾಗವನ್ನು ಕಂಡುಕೊಳ್ಳುವುದಿಲ್ಲ. ಕೆಲವರು ಅರ್ಧ ದಾರಿಯಲ್ಲಿ ದಣಿದು ನಿಲ್ಲುತ್ತಾರೆ. ಅಂಥವರನ್ನು ನಾವು ಸೋತವರೆಂದು ಬೇಗನೆ ಮರೆತುಬಿಡುತ್ತೇವೆ. ಅಮೆರಿಕದ ಸಾಹಿತ್ಯ ಚರಿತ್ರೆಯನ್ನು ಮೊದಲ ಬಾರಿಗೆ ಕ್ರಮಬದ್ಧವಾಗಿ ಬರೆದ ಮೋಸೆಸ್ ಕಾಯ್ಟ್ ಟೈಲರ್ ಹೀಗೆ ಅರ್ಧ ದಾರಿಯಲ್ಲಿ ನಿಂತವರಲ್ಲಿ ಒಬ್ಬರು. 1862ರಲ್ಲಿ ಸಭಾಪಾಲಕರ ಹುದ್ದೆಯನ್ನು ಬಿಟ್ಟು ಹೊರಬಂದಾಗ ಅವರಿಗೆ ಇನ್ನೂ 27 ತುಂಬಿರಲಿಲ್ಲ ಅಥವಾ ಆಗಷ್ಟೇ ತುಂಬಿತ್ತು. ಮತ್ತೆ ಧಾರ್ಮಿಕ ದೀಕ್ಷೆ ಪಡೆಯಲು ಅವರಿಗೆ 19 ವರ್ಷಗಳು ಬೇಕಾದವು. ಆ ನಡುವಿನ ವರ್ಷಗಳಲ್ಲಿ ಅವರು ಮಾಡಿದ ಕೆಲಸವೇ ಅವರ ಹೆಸರನ್ನು ಇಂದಿಗೂ ಉಳಿಸಿದೆ.

ಬಾಲ್ಯ ಮತ್ತು ಶಿಕ್ಷಣ

ಟೈಲರ್ 1835ರ ಆಗಸ್ಟ್ 2ರಂದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ಗ್ರಿಸ್‌ವಲ್ಡ್ ಎಂಬಲ್ಲಿ ಜನಿಸಿದರು. ಆ ಕಾಲದಲ್ಲಿ ಪೂರ್ವದ ಹಳೆಯ ಊರುಗಳನ್ನು ಬಿಟ್ಟು ಪಶ್ಚಿಮದತ್ತ ಹೊರಟ ಕುಟುಂಬಗಳು ಬಹಳ. ಟೈಲರ್ ಕುಟುಂಬವೂ ಹಾಗೆಯೇ ಊರಿಂದೂರಿಗೆ ಸಾಗಿ ಕೊನೆಗೆ ಮಿಷಿಗನ್ ರಾಜ್ಯದ ಡೆಟ್ರಾಯಿಟ್‌ನಲ್ಲಿ ನೆಲೆಸಿತು. ಬಾಲಕ ಮೋಸೆಸ್ ಬೆಳೆದದ್ದು ಅಲ್ಲಿಯೇ.

ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದಿದ ಬಳಿಕ ಅವರು ಯೇಲ್ ಸೇರಿ 1857ರಲ್ಲಿ ಪದವಿ ಪಡೆದರು. ನಂತರ ಯೇಲ್ ಹಾಗೂ ಆಂಡೋವರ್‌ನಲ್ಲಿ ದೇವಶಾಸ್ತ್ರದ ಅಧ್ಯಯನ ಮಾಡಿದರು. 1859ರಲ್ಲಿ ಜೆನೆಟ್ ಗಿಲ್ಬರ್ಟ್ ಅವರನ್ನು ವಿವಾಹವಾದರು.

ಟೈಲರ್ ಸೇರಿದ್ದು ಕಾಂಗ್ರಿಗೇಷನಲ್ ಸಭೆಗೆ. ಈ ಪ್ರೊಟೆಸ್ಟೆಂಟ್ ಪರಂಪರೆಯಲ್ಲಿ ಬಿಷಪರಿಲ್ಲ. ಒಂದೊಂದು ಊರಿನ ಸಭೆಯೂ ಸ್ವತಂತ್ರ. ತನ್ನ ಸಭಾಪಾಲಕರನ್ನು ತಾನೇ ಆರಿಸುತ್ತದೆ, ಸಂಬಳವನ್ನೂ ತಾನೇ ಕೊಡುತ್ತದೆ. ಅಲ್ಲಿ ಭಾನುವಾರದ ಪ್ರವಚನವೇ ಆರಾಧನೆಯ ಮುಖ್ಯ ಭಾಗ. ಸಭಾಪಾಲಕರನ್ನು ಜನ ಅಳೆಯುವುದೂ ಅದರಿಂದಲೇ.

ಸೇವೆಯಿಂದ ಹಿಂದೆ ಸರಿದದ್ದು

ಟೈಲರ್ ಮೊದಲು ನ್ಯೂಯಾರ್ಕ್ ರಾಜ್ಯದ ಓವೀಗೋದಲ್ಲಿ, ಆಮೇಲೆ 1860ರಿಂದ ಅದೇ ರಾಜ್ಯದ ಪೊಕಿಪ್ಸಿಯಲ್ಲಿ ಸಭಾಪಾಲಕರಾಗಿದ್ದರು. ಅಮೆರಿಕದಲ್ಲಿ ಗುಲಾಮಗಿರಿಯ ಪ್ರಶ್ನೆ ಕುದಿಯುತ್ತಿದ್ದ ಕಾಲವದು. 1861ರಲ್ಲಿ ಉತ್ತರ ಮತ್ತು ದಕ್ಷಿಣ ರಾಜ್ಯಗಳ ನಡುವೆ ಅಂತರ್ಯುದ್ಧ ಆರಂಭವಾಯಿತು. ಇತ್ತ ಯುವ ಸಭಾಪಾಲಕರ ಆರೋಗ್ಯ ಕುಸಿಯತೊಡಗಿತು. ಪ್ರವಚನ ಪೀಠವೇ ತನ್ನ ಜಾಗವೋ ಎಂಬ ಸಂದೇಹವೂ ಅವರನ್ನು ಕಾಡುತ್ತಿತ್ತು. 1862ರಲ್ಲಿ ಅವರು ಸೇವೆಯನ್ನು ಬಿಟ್ಟರು.

ಮುಂದೆ ಅವರು ಹಿಡಿದ ಕೆಲಸ ಕೇಳಿದರೆ ಯಾರಿಗಾದರೂ ಆಶ್ಚರ್ಯವಾದೀತು. ಬೋಸ್ಟನ್‌ನಲ್ಲಿ ಡಯೋ ಲೂಯಿಸ್ ಎಂಬವರು ಸಂಗೀತದ ತಾಳಕ್ಕೆ ಮಾಡುವ ವ್ಯಾಯಾಮವನ್ನು ಕಲಿಸುತ್ತಿದ್ದರು. ಮರದ ಡಂಬೆಲ್, ಬಳೆ, ಕಾಳು ತುಂಬಿದ ಚೀಲ ಇವೇ ಅದರ ಸಾಧನಗಳು. ಹೆಂಗಸರೂ ಮಕ್ಕಳೂ ದುರ್ಬಲರೂ ಮಾಡಬಹುದಾದ ವ್ಯಾಯಾಮವದು. ಇದರಿಂದ ಟೈಲರ್ ಅವರ ದೇಹ ಚೇತರಿಸಿಕೊಂಡಿತು. 1863ರಲ್ಲಿ ಅವರು ಇಂಗ್ಲೆಂಡಿಗೆ ಹೋಗಿ ಅಲ್ಲಿ ಈ ವ್ಯಾಯಾಮದ ಪ್ರಚಾರಕರಾದರು. ದೇಹದ ಆರೋಗ್ಯದ ಬಗ್ಗೆ ಅವರು ಬರೆದ ಲೇಖನಗಳು 1869ರಲ್ಲಿ ಪುಸ್ತಕವಾಗಿಯೂ ಬಂದವು.

ದೇವಶಾಸ್ತ್ರ ಓದಿದವರೊಬ್ಬರು ಪರದೇಶದಲ್ಲಿ ಡಂಬೆಲ್ ಹಿಡಿದು ಉಪನ್ಯಾಸ ಕೊಡುತ್ತಾ ತಿರುಗುವುದನ್ನು ಕಂಡವರು ಇದೇನು ಬದುಕು ಎಂದು ಮರುಗಿದ್ದರೂ ತಪ್ಪಿಲ್ಲ. ಆದರೆ ಆ ಮೂರು ಮೂರೂವರೆ ವರ್ಷಗಳು ವ್ಯರ್ಥವಾಗಲಿಲ್ಲ. ಇಂಗ್ಲೆಂಡಿನಲ್ಲಿದ್ದಾಗ ಅವರು ಅಮೆರಿಕದ ವಿಷಯಗಳ ಕುರಿತೂ ಭಾಷಣ ಮಾಡಿದರು, ತಮ್ಮ ದೇಶದ ಪತ್ರಿಕೆಗಳಿಗೂ ಬರೆದರು. ಸ್ವದೇಶವನ್ನು ಹೊರಗಿನಿಂದ ನೋಡುವ ಅವಕಾಶ ಅವರಿಗೆ ಸಿಕ್ಕಿತು.

ಅಮೆರಿಕದ ಸಾಹಿತ್ಯದ ಬಗ್ಗೆ ಇಂಗ್ಲಿಷರಿಗೆ ಅಂಥ ಗೌರವವೇನೂ ಇರಲಿಲ್ಲ. ಅಮೆರಿಕನ್ನರು ಬರೆದ ಪುಸ್ತಕವನ್ನು ಲೋಕದಲ್ಲಿ ಓದುವವರು ಯಾರಿದ್ದಾರೆ ಎಂಬ ಅರ್ಥದ ಕಟು ಪ್ರಶ್ನೆಯನ್ನು 1820ರಲ್ಲೇ ಸಿಡ್ನಿ ಸ್ಮಿತ್ ಎಂಬ ಆಂಗ್ಲಿಕನ್ ಧರ್ಮಗುರು ಎಡಿನ್‌ಬರೋದ ಪತ್ರಿಕೆಯೊಂದರಲ್ಲಿ ಕೇಳಿದ್ದರು. ಆ ಮಾತಿನ ಚುಚ್ಚು ಅಮೆರಿಕನ್ನರಲ್ಲಿ ಬಹುಕಾಲ ಉಳಿಯಿತು. ಅದಕ್ಕೆ ಸಿಟ್ಟಿನಿಂದ ಉತ್ತರ ಕೊಟ್ಟವರು ಹಲವರು. ಟೈಲರ್ ಮುಂದೆ ದಾಖಲೆಗಳನ್ನು ಹುಡುಕಿ ಓದಿ ಉತ್ತರ ಕೊಟ್ಟರು.

ಅಧ್ಯಾಪಕರಾಗಿ

1866ರ ಕೊನೆಯ ಹೊತ್ತಿಗೆ ಅಮೆರಿಕಕ್ಕೆ ಮರಳಿದ ಟೈಲರ್ 1867ರಲ್ಲಿ ಆನ್ ಆರ್ಬರ್‌ನಲ್ಲಿರುವ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಭಾಷಣಶಾಸ್ತ್ರ ಮತ್ತು ಇಂಗ್ಲಿಷ್ ಸಾಹಿತ್ಯದ ಪ್ರಾಧ್ಯಾಪಕರಾದರು. 1870ರಲ್ಲಿ ಆ ವಿಶ್ವವಿದ್ಯಾಲಯ ಹೆಣ್ಣುಮಕ್ಕಳಿಗೂ ಬಾಗಿಲು ತೆರೆಯಿತು. ಅವರ ತರಗತಿಗಳ ಚಿತ್ರವೇ ಬದಲಾಯಿತು.

1873ರಲ್ಲಿ ಅವರು ಒಮ್ಮೆ ಅಧ್ಯಾಪನ ಬಿಟ್ಟು ನ್ಯೂಯಾರ್ಕಿಗೆ ಹೋದರು. ಹೆಸರಾಂತ ಪ್ರವಚನಕಾರ ಹೆನ್ರಿ ವಾರ್ಡ್ ಬೀಚರ್ ಸಂಪಾದಕರಾಗಿದ್ದ ಕ್ರಿಶ್ಚಿಯನ್ ಯೂನಿಯನ್ ಎಂಬ ವಾರಪತ್ರಿಕೆಯಲ್ಲಿ ಸಾಹಿತ್ಯ ವಿಭಾಗದ ಹೊಣೆ ಹೊತ್ತರು. ಆದರೆ ಆ ದಿನಗಳಲ್ಲೇ ಬೀಚರ್ ಅವರ ಖಾಸಗಿ ಜೀವನದ ಮೇಲೆ ಗಂಭೀರ ಆರೋಪ ಬಂತು. 1875ರಲ್ಲಿ ಮೊಕದ್ದಮೆ ನಡೆದು ತೀರ್ಪುಗಾರರು ಒಮ್ಮತಕ್ಕೆ ಬರಲಾಗದೆ ಅದು ಮುಗಿಯಿತು. ಇಡೀ ದೇಶ ಅದನ್ನೇ ಮಾತಾಡುತ್ತಿತ್ತು. ಟೈಲರ್ ಅಷ್ಟರೊಳಗೆ, 1874ರಲ್ಲಿಯೇ, ಪತ್ರಿಕೆಯನ್ನು ಬಿಟ್ಟು ಆನ್ ಆರ್ಬರ್‌ಗೆ ಹಿಂದಿರುಗಿದ್ದರು.

ಯಾರೂ ಓದದ ಪುಸ್ತಕಗಳ ನಡುವೆ

ಆ ಕಾಲದ ಅಮೆರಿಕದ ಕಾಲೇಜುಗಳಲ್ಲಿ ಗ್ರೀಕ್, ಲ್ಯಾಟಿನ್ ಇತ್ತು. ಇಂಗ್ಲೆಂಡಿನ ಸಾಹಿತ್ಯವೂ ಸ್ವಲ್ಪ ಇತ್ತು. ಅಮೆರಿಕದ್ದೇ ಆದ ಸಾಹಿತ್ಯವೊಂದಿದೆ, ಅದನ್ನು ಪಾಠವಾಗಿ ಕಲಿಸಬಹುದು ಎಂಬ ಯೋಚನೆ ಬಹುಮಂದಿಗೆ ಬಂದಿರಲಿಲ್ಲ. ಲೇಖಕರ ಪರಿಚಯ ಮತ್ತು ಬರಹದ ಆಯ್ದ ಭಾಗಗಳನ್ನು ಒಟ್ಟುಗೂಡಿಸಿದ ದೊಡ್ಡ ಸಂಗ್ರಹವೊಂದು 1855ರಲ್ಲಿ ಬಂದಿತ್ತು. ಆದರೆ ಮೊದಲಿನಿಂದ ಕೊನೆಯವರೆಗೆ ಒಂದೇ ದಾರದಲ್ಲಿ ಪೋಣಿಸಿದ ಚರಿತ್ರೆ ಇರಲಿಲ್ಲ.

ಈ ಕೆಲಸವನ್ನು ಟೈಲರ್ ಕೈಗೆತ್ತಿಕೊಂಡರು. ಇಂಗ್ಲಿಷ್ ವಲಸಿಗರು ಮೊದಲು ಕಾಲಿಟ್ಟ ದಿನಗಳಿಂದ ತಮ್ಮ ಕಾಲದವರೆಗಿನ ಚರಿತ್ರೆಯನ್ನು ಬರೆಯುವುದು ಅವರ ಸಂಕಲ್ಪವಾಗಿತ್ತು. ಅದಕ್ಕಾಗಿ ಅವರು ಓದಿದ ಸಾಹಿತ್ಯದಲ್ಲಿ ಕತೆ ಕಾದಂಬರಿಗಳಿಗಿಂತ ಹೆಚ್ಚಾಗಿದ್ದದ್ದು ಪ್ರವಚನಗಳು, ದಿನಚರಿಗಳು, ಪ್ರಯಾಣದ ವರದಿಗಳು, ದೇವಶಾಸ್ತ್ರದ ವಾದಗಳು, ಪಂಚಾಂಗಗಳು, ಮರಣಗೀತೆಗಳು. ಪುಸ್ತಕಗಳು ಪೂರ್ವ ಕರಾವಳಿಯ ಗ್ರಂಥಾಲಯಗಳಲ್ಲಿ ಚದುರಿ ಹೋಗಿದ್ದವು. ಹಲವನ್ನು ಎಷ್ಟೋ ದಶಕಗಳಿಂದ ಯಾರೂ ಬಿಚ್ಚಿ ನೋಡಿರಲಿಲ್ಲ. ಟೈಲರ್ ಅವರಿಗೆ ಇಲ್ಲಿ ತಮ್ಮ ಹಳೆಯ ಓದು ನೆರವಿಗೆ ಬಂತು. ಪ್ರವಚನವನ್ನು ಬರೆಯುವ ಕಷ್ಟ ಏನೆಂದು ಅವರು ಬಲ್ಲವರು. ಆದುದರಿಂದ ಇತರರು ಒಣ ಧರ್ಮಬೋಧೆ ಎಂದು ಬದಿಗಿಟ್ಟದ್ದನ್ನು ಅವರು ಮನುಷ್ಯರ ಮಾತಾಗಿ ಓದಿದರು.

1878ರಲ್ಲಿ ಪಟ್ನಮ್ ಪ್ರಕಾಶನದಿಂದ ಅಮೆರಿಕದ ಸಾಹಿತ್ಯ ಚರಿತ್ರೆಯ ಎರಡು ಸಂಪುಟಗಳು ಹೊರಬಂದವು. 1607ರಿಂದ 1676ರವರೆಗಿನದು ಮೊದಲ ಸಂಪುಟ, 1676ರಿಂದ 1765ರವರೆಗಿನದು ಎರಡನೆಯದು. ಮೊದಲ ಅವಧಿಯಲ್ಲಿ ಬರೆದವರು ಹೆಚ್ಚಾಗಿ ಇಂಗ್ಲೆಂಡಿನಲ್ಲಿ ಹುಟ್ಟಿ ಬಂದವರು. ಎರಡನೆಯ ಅವಧಿಯವರು ಹೆಚ್ಚಾಗಿ ಅಮೆರಿಕದ ನೆಲದಲ್ಲೇ ಹುಟ್ಟಿದವರು.

ಅವರ ವಿವರಣೆಯ ಒಂದು ಉದಾಹರಣೆ ಇಲ್ಲಿ ನೋಡಬಹುದು. ದಕ್ಷಿಣದ ವರ್ಜೀನಿಯ ವಸಾಹತು ಮೊದಲು ಸ್ಥಾಪನೆಯಾದದ್ದು, 1607ರಲ್ಲಿ. ಆದರೆ ಪುಸ್ತಕ ಹೆಚ್ಚು ಹುಟ್ಟಿದ್ದು ಅದಕ್ಕಿಂತ ತಡವಾಗಿ ಬಂದ ಉತ್ತರದ ನ್ಯೂ ಇಂಗ್ಲೆಂಡಿನಲ್ಲಿ. ಏಕೆ ಹೀಗೆ? ವರ್ಜೀನಿಯದಲ್ಲಿ ಜನ ನದಿಗಳ ಉದ್ದಕ್ಕೂ ದೊಡ್ಡ ದೊಡ್ಡ ಹೊಗೆಸೊಪ್ಪಿನ ತೋಟಗಳಲ್ಲಿ ದೂರ ದೂರ ವಾಸವಾಗಿದ್ದರು. ನೆರೆಹೊರೆ ಇಲ್ಲ, ಹಾಗಾಗಿ ಶಾಲೆಯೂ ಕಡಿಮೆ. 1671ರಲ್ಲಿ ಅಲ್ಲಿನ ಗವರ್ನರ್ ಬರ್ಕ್‌ಲಿಯವರು ತಮ್ಮಲ್ಲಿ ಉಚಿತ ಶಾಲೆಯೂ ಮುದ್ರಣಾಲಯವೂ ಇಲ್ಲದ್ದಕ್ಕೆ ದೇವರಿಗೆ ವಂದಿಸಿದ್ದರು! ನ್ಯೂ ಇಂಗ್ಲೆಂಡಿನಲ್ಲಾದರೋ ಜನ ಆರಾಧನಾ ಮಂದಿರದ ಸುತ್ತ ಒತ್ತಾಗಿ ಮನೆ ಕಟ್ಟಿದರು. 1636ರಲ್ಲೇ ಹಾರ್ವರ್ಡ್ ಕಾಲೇಜಿಗೆ ಅಡಿಪಾಯ ಬಿತ್ತು. 50 ಮನೆಗಳಿರುವ ಊರು ಮಕ್ಕಳಿಗೆ ಓದುಬರಹ ಕಲಿಸುವವರನ್ನು ನೇಮಿಸಬೇಕೆಂದು 1647ರಲ್ಲಿ ಮ್ಯಾಸಚುಸೆಟ್ಸ್ ಕಾನೂನು ಮಾಡಿತು. ಜನ ಕೂಡಿ ಬದುಕುವಲ್ಲಿ ಶಾಲೆ ಹುಟ್ಟುತ್ತದೆ, ಶಾಲೆ ಇರುವಲ್ಲಿ ಸಾಹಿತ್ಯ ಹುಟ್ಟುತ್ತದೆ ಎಂಬುದು ಟೈಲರ್ ಅವರ ವಾದದ ಸಾರ.

ಅವರು ಹೊಗಳುವಾಗ ಮನಬಿಚ್ಚಿ ಹೊಗಳಿದರು, ತಮಾಷೆ ಕಂಡಲ್ಲಿ ನಗಲೂ ಹಿಂಜರಿಯಲಿಲ್ಲ. ಅಲ್ಲಿನ ಇಂಗ್ಲಿಷ್ ವಸಾಹತುಗಳಲ್ಲಿ ಅಚ್ಚಾದ ಮೊದಲ ಪುಸ್ತಕವೆಂದು ಹೆಸರಾದ 1640ರ ಕೀರ್ತನೆಗಳ ಅನುವಾದವನ್ನು ಧರ್ಮಬೋಧಕರೇ ಕೂಡಿ ಮಾಡಿದ್ದರು. ಮೂಲ ಹೀಬ್ರೂವಿಗೆ ನಿಷ್ಠರಾಗಿರುವ ಭರದಲ್ಲಿ ಅವರು ಪದ್ಯದ ಕಾಲು ಕೈ ಮುರಿದದ್ದನ್ನು ಟೈಲರ್ ಚೆನ್ನಾಗಿಯೇ ಹಾಸ್ಯ ಮಾಡಿದರು. ಆದರೆ ಕಾಡಿನಂಚಿನಲ್ಲಿ ಮಕ್ಕಳನ್ನು ಸಾಕುತ್ತಾ ಕವಿತೆ ಬರೆದ ಆ್ಯನ್ ಬ್ರ್ಯಾಡ್‌ಸ್ಟ್ರೀಟ್, ಆತ್ಮಸಾಕ್ಷಿಯ ಸ್ವಾತಂತ್ರ್ಯಕ್ಕಾಗಿ ಮ್ಯಾಸಚುಸೆಟ್ಸ್‌ನಿಂದ ಹೊರಹಾಕಲ್ಪಟ್ಟು 1636ರಲ್ಲಿ ಪ್ರಾವಿಡೆನ್ಸ್ ಊರನ್ನು ಸ್ಥಾಪಿಸಿದ ರೋಜರ್ ವಿಲಿಯಮ್ಸ್, ತತ್ತ್ವಜ್ಞಾನಿ ಜೊನಾಥನ್ ಎಡ್ವರ್ಡ್ಸ್ ಮುಂತಾದವರಿಗೆ ಅವರು ತಕ್ಕ ಸ್ಥಾನ ಕೊಟ್ಟರು.

ಮತ್ತೆ ದೀಕ್ಷೆಯತ್ತ

ಈ ಸಂಪುಟಗಳು ಟೈಲರ್ ಅವರಿಗೆ ಹೆಸರು ತಂದವು. ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಕ್ಷ ಆ್ಯಂಡ್ರೂ ಡಿಕ್ಸನ್ ವೈಟ್ ಅವರನ್ನು ಇಥಾಕಾ ನಗರಕ್ಕೆ ಕರೆಸಿಕೊಂಡರು. 1881ರಲ್ಲಿ ಟೈಲರ್ ಅಲ್ಲಿ ಅಮೆರಿಕದ ಇತಿಹಾಸದ ಪ್ರಾಧ್ಯಾಪಕರಾದರು. ಈ ವಿಷಯಕ್ಕೆಂದೇ ಮೀಸಲಾದ ಪೀಠ ಆ ದೇಶದಲ್ಲಿ ಅದೇ ಮೊದಲನೆಯದೆಂದು ಹೇಳಲಾಗುತ್ತದೆ. 1884ರಲ್ಲಿ ಅಮೆರಿಕದ ಇತಿಹಾಸಕಾರರ ಸಂಘವನ್ನು ಕಟ್ಟಿದವರಲ್ಲಿಯೂ ಅವರು ಒಬ್ಬರು.

ಅದೇ 1881ರಲ್ಲಿ ಅವರ ಬದುಕಿನಲ್ಲಿ ಇನ್ನೊಂದು ಘಟನೆ ನಡೆಯಿತು. ಅವರು ಎಪಿಸ್ಕೋಪಲ್ ಸಭೆಯಲ್ಲಿ ಡೀಕನ್ ಆದರು. ಇದು ಆಂಗ್ಲಿಕನ್ ಪರಂಪರೆಗೆ ಸೇರಿದ, ಬಿಷಪರೂ ಪ್ರಾರ್ಥನಾ ವಿಧಿಯೂ ಇರುವ ಸಭೆ. 1883ರಲ್ಲಿ ಅವರಿಗೆ ಗುರುದೀಕ್ಷೆಯಾಯಿತು. ಯೌವನದಲ್ಲಿ ಕೈಬಿಟ್ಟ ಸೇವೆಯನ್ನು ನಡುವಯಸ್ಸಿನಲ್ಲಿ ಅವರು ಬೇರೊಂದು ಸಭೆಯ ಮೂಲಕ ಮತ್ತೆ ಸ್ವೀಕರಿಸಿದರು. ಆದರೆ ಅಧ್ಯಾಪನವನ್ನು ಬಿಡಲಿಲ್ಲ. ಯಾವುದೇ ಒಂದು ಪಂಗಡಕ್ಕೆ ಸೇರದ ಕಾರ್ನೆಲ್ ವಿಶ್ವವಿದ್ಯಾಲಯವನ್ನು ಆ ಕಾಲದ ಹಲವು ಧಾರ್ಮಿಕರು ದೇವರಿಲ್ಲದ ವಿದ್ಯಾಲಯವೆಂದು ಟೀಕಿಸುತ್ತಿದ್ದರು. ಅಂಥಲ್ಲಿ ದೀಕ್ಷೆ ಪಡೆದ ಒಬ್ಬರು ಇತಿಹಾಸ ಕಲಿಸುತ್ತಾ ಬದುಕಿದರು ಎಂಬುದು ಗಮನಿಸಬೇಕಾದ ವಿಷಯ.

ಸೋತವರ ಮಾತಿಗೂ ಕಿವಿ

ಟೈಲರ್ ಅವರ ಎರಡನೆಯ ಮಹಾಕಾರ್ಯ ಅಮೆರಿಕದ ಸ್ವಾತಂತ್ರ್ಯ ಕ್ರಾಂತಿಯ ಸಾಹಿತ್ಯ ಚರಿತ್ರೆ. 1763ರಿಂದ 1783ರವರೆಗಿನ ಕೇವಲ 20 ವರ್ಷಗಳ ಬರಹಗಳ ಮೇಲಿನ ಈ ಎರಡು ಸಂಪುಟಗಳು 1897ರಲ್ಲಿ ಪ್ರಕಟವಾದವು. ಮೊದಲ ಗ್ರಂಥದಿಂದ ಇದಕ್ಕೆ 19 ವರ್ಷಗಳ ಅಂತರ. ನಡುವೆ ಕ್ರಾಂತಿಯ ನಾಯಕ ಪ್ಯಾಟ್ರಿಕ್ ಹೆನ್ರಿ ಅವರ ಜೀವನಚರಿತ್ರೆಯನ್ನು 1887ರಲ್ಲಿ ಪ್ರಕಟಿಸಿದ್ದರು.

ಕ್ರಾಂತಿಯ ಕತೆಯನ್ನು ಅಲ್ಲಿಯವರೆಗೆ ಹೆಚ್ಚಾಗಿ ಗೆದ್ದವರ ಕಡೆಯಿಂದ ಹೇಳಲಾಗಿತ್ತು. ಬ್ರಿಟಿಷ್ ದೊರೆಗೆ ನಿಷ್ಠರಾಗಿ ಉಳಿದ ಅಮೆರಿಕನ್ನರನ್ನು ಶಾಲಾ ಪುಸ್ತಕಗಳು ದ್ರೋಹಿಗಳೆಂದೇ ಕಾಣಿಸುತ್ತಿದ್ದವು. ಟೈಲರ್ ಇದನ್ನು ಒಪ್ಪಲಿಲ್ಲ. ಅಂಥ ನಿಷ್ಠರಲ್ಲಿ ವಿದ್ಯಾವಂತರೂ ಸಜ್ಜನರೂ ಬಹಳ ಮಂದಿ ಇದ್ದರು, ಅವರ ವಾದದಲ್ಲೂ ತೂಕವಿತ್ತು, ಅದನ್ನು ಕೇಳದೆ ಕ್ರಾಂತಿಯನ್ನು ಅರ್ಥ ಮಾಡಿಕೊಳ್ಳಲಾಗದು ಎಂಬುದು ಅವರ ನಿಲುವು. 1895ರಲ್ಲಿ ಈ ಬಗ್ಗೆ ಪ್ರತ್ಯೇಕ ಲೇಖನವನ್ನೇ ಬರೆದು, ಎರಡು ವರ್ಷಗಳ ಬಳಿಕ ಗ್ರಂಥದಲ್ಲಿ ಎರಡೂ ಪಕ್ಷಗಳ ಬರಹಗಾರರನ್ನು ಅಕ್ಕಪಕ್ಕದಲ್ಲಿ ಕೂರಿಸಿದರು.

ಹೀಗೆ ಅವರು ಎತ್ತಿ ತೋರಿಸಿದವರಲ್ಲಿ ಧರ್ಮಗುರುಗಳೂ ಇದ್ದರು. ಸ್ಯಾಮುಯೆಲ್ ಸೀಬರಿಯವರು ರೈತನೊಬ್ಬನ ಹೆಸರಿನಲ್ಲಿ ಕ್ರಾಂತಿಯ ವಿರುದ್ಧ ಕಿರುಹೊತ್ತಗೆಗಳನ್ನು ಬರೆದು 1775ರಲ್ಲಿ ಸೆರೆಯಾದರು. ಅದೇ ಸೀಬರಿ 1784ರಲ್ಲಿ ಸ್ಕಾಟ್ಲೆಂಡಿನಲ್ಲಿ ಅಭಿಷಿಕ್ತರಾಗಿ ಅಮೆರಿಕದ ಎಪಿಸ್ಕೋಪಲ್ ಸಭೆಯ ಮೊದಲ ಬಿಷಪರಾದರು. ಮೇರಿಲ್ಯಾಂಡಿನ ಜೊನಾಥನ್ ಬೌಚರ್ ಅವರು ಪ್ರವಚನ ಪೀಠದ ಮೇಲೆ ಪಿಸ್ತೂಲು ಇಟ್ಟುಕೊಂಡು ಬೋಧಿಸಬೇಕಾದ ಸ್ಥಿತಿ ಬಂದು, 1775ರಲ್ಲಿ ಇಂಗ್ಲೆಂಡಿಗೆ ತೆರಳಿದರು. ನ್ಯೂಜೆರ್ಸಿಯ ಜೊನಾಥನ್ ಓಡೆಲ್ ಅವರು ಊರು ಬಿಟ್ಟು ಓಡಿ ವಿಡಂಬನ ಕಾವ್ಯ ಬರೆದರು. ಇವರೊಂದಿಗೆ ಎರಡು ಪಕ್ಷಗಳ ಗದ್ದಲದಿಂದ ದೂರವಿದ್ದ ಶಾಂತ ಸ್ವಭಾವದ ಕ್ವೇಕರ್ ದರ್ಜಿ ಜಾನ್ ವುಲ್ಮನ್ ಅವರಿಗೂ ಟೈಲರ್ ಪ್ರೀತಿಯಿಂದ ಜಾಗ ಕೊಟ್ಟರು. ಗುಲಾಮಗಿರಿಯ ವಿರುದ್ಧ ಮನೆಮನೆಗೆ ಹೋಗಿ ಮೃದುವಾಗಿ ಮಾತಾಡಿದ ವುಲ್ಮನ್ ಅವರ ದಿನಚರಿ 1774ರಲ್ಲಿ ಅಚ್ಚಾಗಿತ್ತು.

ಟೈಲರ್ ದೇಶಪ್ರೇಮದಲ್ಲಿ ಯಾರಿಗೂ ಕಡಿಮೆ ಇರಲಿಲ್ಲ. ಸ್ವಾತಂತ್ರ್ಯ ಘೋಷಣೆಯಲ್ಲಿ ಹೊಸದೇನೂ ಇಲ್ಲವೆಂದು ಹಳಿದವರಿಗೆ ಅವರು ಉತ್ತರವನ್ನೂ ಬರೆದಿದ್ದರು. ಆದರೆ ಎದುರಾಳಿಯ ಮಾತನ್ನು ಪೂರ್ತಿ ಕೇಳಿದರೆ ದೇಶಪ್ರೇಮ ಕಡಿಮೆಯಾಗುತ್ತದೆ ಎಂದು ಅವರು ಭಾವಿಸಲಿಲ್ಲ.

ಅವರ ಮಿತಿಗಳು

ಇಷ್ಟು ಹೇಳಿದ ಮೇಲೆ ಅವರ ಕೊರತೆಯನ್ನೂ ಹೇಳದಿದ್ದರೆ ನ್ಯಾಯವಾಗದು. ಟೈಲರ್ ಬರೆದದ್ದು ಇಂಗ್ಲಿಷ್ ಭಾಷೆಯ ಬರಹಗಳ ಚರಿತ್ರೆ. ಮೂಲನಿವಾಸಿಗಳ ಮೌಖಿಕ ಪರಂಪರೆ ಅದರಲ್ಲಿ ಸೇರಲಿಲ್ಲ. 17ನೆಯ ಶತಮಾನದಲ್ಲಿ ಯೇಸುಸಭೆಯ ಧರ್ಮಗುರುಗಳು ಕೆನಡಾದ ಕಾಡುಗಳಿಂದ ಫ್ರಾನ್ಸಿಗೆ ಬರೆದು ಕಳುಹಿಸುತ್ತಿದ್ದ ವರದಿಗಳೂ ಆ ಚೌಕಟ್ಟಿನ ಹೊರಗೇ ಉಳಿದವು. ಅವು 73 ಸಂಪುಟಗಳಾಗಿ ಇಂಗ್ಲಿಷ್ ಅನುವಾದದೊಂದಿಗೆ ಬರತೊಡಗಿದ್ದು 1896ರಲ್ಲಿ.

ಇದಕ್ಕಿಂತ ನೋವಿನ ಸಂಗತಿ ಇನ್ನೊಂದಿದೆ. ಆಫ್ರಿಕಾದಿಂದ ಬಾಲ್ಯದಲ್ಲೇ ಗುಲಾಮಳಾಗಿ ಬೋಸ್ಟನ್‌ಗೆ ತರಲ್ಪಟ್ಟ ಫಿಲಿಸ್ ವೀಟ್ಲಿ 1773ರಲ್ಲಿ ತಮ್ಮ ಕವಿತೆಗಳ ಪುಸ್ತಕವನ್ನು ಪ್ರಕಟಿಸಿದರು. ಅಮೆರಿಕದ ಕಪ್ಪು ಜನಾಂಗದ ಮೊದಲ ಕವನ ಸಂಕಲನವೆಂದು ಇಂದು ಜಗತ್ತು ಅದನ್ನು ಗೌರವಿಸುತ್ತದೆ. ಸೋತವರಿಗೆ, ಓಡಿಸಲ್ಪಟ್ಟವರಿಗೆ ಅಷ್ಟು ತಾಳ್ಮೆಯಿಂದ ಕಿವಿಗೊಟ್ಟ ಟೈಲರ್ ಈಕೆಯನ್ನು ಮಾತ್ರ ಕವಿಯೆಂದು ಪರಿಗಣಿಸದೆ ಕೆಲವೇ ಮಾತುಗಳಲ್ಲಿ ತಳ್ಳಿಹಾಕಿದರು. ಒಳ್ಳೆಯ ಕೇಳುಗರಿಗೂ ಕೇಳಿಸದ ದನಿಗಳಿರುತ್ತವೆ. ತಮ್ಮ ಕಾಲದ ಪೂರ್ವಗ್ರಹವನ್ನು ಈ ಒಂದು ಕಡೆ ಅವರು ದಾಟಲಿಲ್ಲ.

ಕೊನೆಯ ದಿನಗಳು

ತಮ್ಮ ಕಾಲದವರೆಗೆ ಚರಿತ್ರೆಯನ್ನು ತರಬೇಕೆಂಬ ಸಂಕಲ್ಪ ಈಡೇರಲಿಲ್ಲ. ಎಮರ್ಸನ್, ಹಾಥಾರ್ನ್, ಮೆಲ್‌ವಿಲ್, ವಿಟ್ಮನ್ ಮುಂತಾದವರ ಕಾಲಕ್ಕೆ ಅವರ ಚರಿತ್ರೆ ತಲುಪಲೇ ಇಲ್ಲ. ಅದು 1783ಕ್ಕೆ ನಿಂತಿತು. 1900ರ ಡಿಸೆಂಬರ್ 28ರಂದು ಇಥಾಕಾದಲ್ಲಿ 65ರ ವಯಸ್ಸಿನಲ್ಲಿ ಟೈಲರ್ ನಿಧನರಾದರು. ಅವರ ಪತ್ರ ಹಾಗೂ ದಿನಚರಿಗಳ ಆಯ್ದ ಭಾಗಗಳನ್ನು ಮಗಳು ಜೆಸಿಕಾ 1911ರಲ್ಲಿ ಪ್ರಕಟಿಸಿದರು. 1933ರಲ್ಲಿ ವಿದ್ವಾಂಸ ಹೊವಾರ್ಡ್ ಮಮ್‌ಫರ್ಡ್ ಜೋನ್ಸ್ ಅವರ ಜೀವನಚರಿತ್ರೆಯನ್ನು ಹೊರತಂದರು. ಅಮೆರಿಕದ ಸಾಹಿತ್ಯ ಇಂದು ಲೋಕದ ಎಷ್ಟೋ ವಿಶ್ವವಿದ್ಯಾಲಯಗಳಲ್ಲಿ ಪಠ್ಯವಾಗಿದೆ. ಅದರ ಆರಂಭದ ಕಾಲವನ್ನು ಅಭ್ಯಸಿಸುವವರು ಟೈಲರ್ ಅವರ ಹೆಸರನ್ನು ದಾಟಿ ಹೋಗುವಂತಿಲ್ಲ.

ಈ ಬದುಕಿನಲ್ಲಿ ಪವಾಡಗಳಿಲ್ಲ. ಒಬ್ಬ ಯುವಕ ಕರೆಗೆ ಓಗೊಟ್ಟು ಹೊರಟರು, ದಣಿದರು, ಬಿಟ್ಟರು. ಸಿಕ್ಕಿದ ಕೆಲಸ ಮಾಡುತ್ತಾ ಮುಂದೆ ಸಾಗಿದರು. ಧೂಳು ಹಿಡಿದ ಪ್ರವಚನಗಳನ್ನೂ ದಿನಚರಿಗಳನ್ನೂ ವರ್ಷಗಟ್ಟಲೆ ಓದಿ, ಮರೆತುಹೋದವರ ಮಾತನ್ನು ಮತ್ತೆ ಜನರ ಕಿವಿಗೆ ತಲುಪಿಸಿದರು. ಹಾಗೆ ಓದುತ್ತಾ ಓದುತ್ತಾ ಅವರು ಬಿಟ್ಟುಬಂದಿದ್ದ ಬಾಗಿಲ ಬಳಿಗೆ ಮರಳಿ ಬಂದರು. ನಮ್ಮ ನಡುವೆಯೂ ಸೇವೆಯ ದಾರಿಯಿಂದ ಹಿಂದೆ ಸರಿದವರು, ತರಬೇತಿಯನ್ನು ಅರ್ಧಕ್ಕೆ ಬಿಟ್ಟು ಮನೆಗೆ ಬಂದವರು ಇದ್ದಾರೆ. ಅವರನ್ನು ಕಂಡಾಗ ಕತೆ ಅಲ್ಲಿಗೆ ಮುಗಿಯಿತೆಂದು ನಾವು ತೀರ್ಮಾನಿಸದಿರೋಣ.